ಟೈಮ್ ಜಾರಿದ ವರ್ಷ: ಚಿತ್ರದುರ್ಗದ ಒಬ್ಬ ಓಟಗಾರ್ತಿಯ ಪ್ರಕರಣ

ಹತ್ತನೇ ಕ್ಲಾಸಲ್ಲಿ 3000 ಮೀಟರ್‌ನ 10 ನಿಮಿಷ 58 ಸೆಕೆಂಡಿಗೆ ಓಡಿ ಜಿಲ್ಲೆಗೇ ಫಸ್ಟ್ ಬಂದಿದ್ದ ಹುಡುಗಿ, ಅದಾಗಿ ವರ್ಷ ತುಂಬೋದ್ರೊಳಗೆ ಅದೇ ದೂರಕ್ಕೆ 12 ನಿಮಿಷ 10 ಸೆಕೆಂಡ್ ತಗೊಂಡ್ಳು. ವಯಸ್ಸು ಹದಿನಾರು. ಪ್ರಾಕ್ಟೀಸ್ ಮೊದಲಿಗಿಂತ ಜಾಸ್ತಿ, ಒಂದು ದಿನಾನೂ ತಪ್ಪಿಸ್ದೋಳಲ್ಲ. ಹಂಗಿದ್ರೂ ಟೈಮ್ ಯಾಕೆ ಜಾರ್ತು ಅನ್ನೋದೇ ಈ ಪ್ರಕರಣ. ಚಿತ್ರದುರ್ಗದ ಒಂದು ಪಿಯು ಕಾಲೇಜಲ್ಲಿ ದೈಹಿಕ ಶಿಕ್ಷಣ ನೋಡ್ಕೊಳ್ಳೋಳು ನಾನು, ಇದನ್ನ ಶುರುವಿಂದ ಕೊನೆವರೆಗೂ ಬರೆದಿಡ್ಬೇಕು ಅನ್ಸಿದ್ದು ಯಾಕಂದ್ರೆ ಇಂಥ ಹುಡುಗೀರು ಪ್ರತಿ ತಾಲೂಕಲ್ಲೂ ಇದಾರೆ, ಹೈಸ್ಕೂಲಲ್ಲಿ ಮೆಡಲ್ ಮೇಲೆ ಮೆಡಲ್ ತಗೊಂಡಿರ್ತಾರೆ, ಪಿಯುಗೆ ಬಂದ್ಮೇಲೆ ಎಲ್ಲೂ ಕಾಣಲ್ಲ, ಕೇಳಿದ್ರೆ "ಆಸಕ್ತಿ ಹೋಯ್ತು ಕಣ್ರೀ" ಅಂತ ಒಂದೇ ಉತ್ತರ. ಹುಡುಗೀನೂ ಅವಳ ಅವ್ವಾನೂ ಒಪ್ಪಿದ ಮೇಲೇ ಬರೀತಿದೀನಿ, ಹೆಸರು, ಊರು ಹೇಳಲ್ಲ.

ಊರು ಚಳ್ಳಕೆರೆ ರೋಡಿನ ಕಡೆ, ಮಳೆ ಬಂದ್ರೆ ಶೇಂಗಾ, ಬರದಿದ್ರೆ ಏನಿಲ್ಲ ಅನ್ನೋ ಭೂಮಿ. ಅಪ್ಪ ಲಾರಿ ಮೇಲೆ ಹೋಗ್ತಾರೆ, ಅವ್ವ ಕೂಲಿಗೆ. ಹೈಸ್ಕೂಲ್ ಪಿಟಿ ಮೇಷ್ಟ್ರು ಇವಳನ್ನ ಮೊದಲು ಗುರುತಿಸಿದ್ದು ಖೋ ಖೋ ಆಡೋವಾಗ, ಉಳಿದೋರೆಲ್ಲ ಸೊಂಟ ಹಿಡ್ಕೊಂಡು ನಿಂತಿದ್ರೂ ಇವಳೊಬ್ಳು ಇನ್ನೊಂದು ಸುತ್ತಿಗೆ ರೆಡಿ ಇರ್ತಿದ್ಳಂತೆ. ಓಡೋದು ನೋಡೋಕೇ ಚಂದ. ಮೊಣಕೈ ಹೊರಗೆ ಬರಲ್ಲ, ಭುಜ ಎತ್ತಲ್ಲ, ಕಾಲು ನೆಲಕ್ಕೆ ಬೀಳೋ ಸದ್ದೇ ಕೇಳಲ್ಲ, ಕೊನೇ ಸುತ್ತಲ್ಲಿ ಮುಂದಿನವಳ ಭುಜದ ಹಿಂದೇನೇ ಇದ್ದು ತಿರುವು ಮುಗಿಯೋ ಜಾಗದಲ್ಲಿ ಹೊರಗೆ ಬಂದ್ಬಿಡ್ತಾಳೆ. ಆ ಲೆಕ್ಕಾಚಾರ ಯಾರೂ ಹೇಳ್ಕೊಟ್ಟಿದ್ದಲ್ಲ.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ದುರ್ಗದ ಒಂದು ಕಾಲೇಜಿಗೆ ಸೇರಿದ್ಳು (ನಮ್ಮದಲ್ಲ). ಹಾಸ್ಟೆಲ್ ಸೀಟು ಸಿಗ್ಲಿಲ್ಲ. ಶಕ್ತಿ ಯೋಜನೆ ಬಂದಿದ್ರಿಂದ ಬಸ್ ಚಾರ್ಜ್ ಚಿಂತೆ ಇರ್ಲಿಲ್ಲ, ಅದಿಲ್ದಿದ್ರೆ ಬಹುಶಃ ಓದೂ ಅಲ್ಲಿಗೇ ನಿಲ್ತಿತ್ತು. ಬೆಳಗ್ಗೆ ಮೊದಲನೇ ಬಸ್ಸು, ಇಳಿದು ಸೀದಾ ಒನಕೆ ಓಬವ್ವ ಸ್ಟೇಡಿಯಂ, ಪ್ರಾಕ್ಟೀಸ್ ಮುಗಿಸಿ ಒಂದು ಟೀ, ಒಂದು ಬನ್ನು, ಆಮೇಲೆ ಕ್ಲಾಸು, ಸಂಜೆ ಮತ್ತೆ ಪ್ರಾಕ್ಟೀಸು, ಮನೆ ಸೇರೋದು ಕತ್ತಲಾದ ಮೇಲೆ.

ಇಲ್ಲಿ ಒಂದು ವಿಷಯ ಯಾರ ಕಣ್ಣಿಗೂ ಬೀಳಲ್ಲ. ಹೈಸ್ಕೂಲಲ್ಲಿ ಇರೋವರೆಗೆ ಈ ಹುಡುಗಿಗೆ ಬಿಸಿಯೂಟ ಇತ್ತು, ಬೆಳಗ್ಗೆ ಕ್ಷೀರಭಾಗ್ಯದ ಹಾಲಿತ್ತು, ಮೊಟ್ಟೆ ಇತ್ತು. ಹತ್ತನೇ ಕ್ಲಾಸ್ ಮುಗಿದ ದಿನ ಅಷ್ಟೂ ಒಂದೇ ಸಲ ನಿಂತೋಯ್ತು. ದಿನಕ್ಕೆ ಓಡೋದು ಎರಡರಷ್ಟಾಯ್ತು, ಮಧ್ಯಾಹ್ನದ ಅನ್ನ ಸಾಂಬಾರ್ ಇಲ್ಲ, ಹಾಲಿಲ್ಲ, ಮೊಟ್ಟೆ ಇಲ್ಲ. ಬಾಕ್ಸಿಗೆ ಅವ್ವ ಹಾಕಿಕೊಡ್ತಿದ್ದ ಚಿತ್ರಾನ್ನ ಬೇಸಿಗೇಲಿ ಮಧ್ಯಾಹ್ನದೊಳಗೆ ಹಳಸಿರ್ತಿತ್ತು, ಹಂಗೇ ಚೆಲ್ಲಿ ನೀರು ಕುಡಿದು ಕೂತ್ಕೊಂಡ ದಿನಗಳೂ ಇದ್ವಂತೆ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಇಲ್ಲೇ ಇದೆ, ಉಳಿದಿದ್ದೆಲ್ಲ ಇದರ ಮೇಲೆ ಬೆಳೆದಿದ್ದು.

ಅದರ ಮೇಲೆ ಬೆಳೆದಿದ್ದು ಏನೇನು ಅಂದ್ರೆ, ಒಂದು ಮೀಟ್‌ನಲ್ಲಿ ಯಾರೋ ದೊಡ್ಡೋರು "ನಿಂಗೆ ಸ್ವಲ್ಪ ತೂಕ ಇಳಿದ್ರೆ 10:30 ಬರುತ್ತೆ ನೋಡು" ಅಂದ್ಬಿಟ್ಟಿದಾರೆ. ನಲವತ್ನಾಲ್ಕು ಕೆಜಿ ಹುಡುಗಿಗೆ! ಅವತ್ತಿಂದ ರಾತ್ರಿ ಮುದ್ದೆ ಅರ್ಧ ಆಯ್ತು, ಆಮೇಲೆ ಅದೂ ಹೋಗಿ ಬರೀ ಸಾರು ಕುಡಿದು ಮಲಗೋದು. ಜೊತೆಗೆ ಮೊಬೈಲ್‌ನಲ್ಲಿ ಕೀನ್ಯಾದ ಓಟಗಾರರ ವಿಡಿಯೋ, ಇಟೆನ್ ಊರಲ್ಲಿ ಹೆಂಗೆ ದಿನಕ್ಕೆ ಎರಡು ಸಲ, ಕೆಲವು ಸಲ ಮೂರು ಸಲ ಓಡ್ತಾರೆ ಅಂತ. ಓಡೋದು ಕಾಣ್ಸುತ್ತೆ ವಿಡಿಯೋದಲ್ಲಿ, ಆಮೇಲೆ ಅವರು ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಟ್ಟೆ ತುಂಬ ತಿಂದು, ಹಾಲು ಹಾಕಿದ ಟೀ ಕುಡಿದು, ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡೋದು ಅಷ್ಟಾಗಿ ಕಾಣ್ಸಲ್ಲ. ಅವರು ತಿನ್ನೋದು ಮುದ್ದೇನೇ, ನಮ್ಮ ಹುಡುಗಿ ಬಿಟ್ಟಿದ್ದೂ ಮುದ್ದೇನೇ.

ಆಗಸ್ಟ್ ಹೊತ್ತಿಗೆ ಟೈಮ್ ಹನ್ನೊಂದು ನಿಮಿಷ ದಾಟ್ತು. ಅಲ್ಲಿ ನೋಡ್ಕೊಳ್ತಿದ್ದೋರು ಹೇಳಿದ್ದು ಇನ್ನೂ ಜಾಸ್ತಿ ಓಡು ಅಂತ. ಜೋಗಿಮಟ್ಟಿ ರೋಡಿನ ಏರು ಹತ್ತಿಸಿದ್ರು, ಟಾರ್ ಮೇಲೆ, ಅಟ್ಟೆ ಸವೆದು ತೆಳ್ಳಗಾಗಿದ್ದ ಶೂನಲ್ಲಿ. ಏರಿನಲ್ಲಿ ನಿಂತಾಗ "ಓಬವ್ವನ ಊರಲ್ಲಿ ಹುಟ್ಟಿ ಕಾಲು ನೋವು ಅಂತೀಯಲ್ಲ" ಅಂತ ಎಲ್ಲರ ಮುಂದೆ ಅಂದಿದಾರೆ. ಆ ಮಾತನ್ನ ಹುಡುಗಿ ನನಗೆ ಹೇಳೋವಾಗ ನೆಲ ನೋಡ್ಕೊಂಡೇ ಹೇಳಿದ್ಳು. ಟೈಮ್ ಬಿದ್ದಂಗೆಲ್ಲ ಓಟ ಜಾಸ್ತಿ, ಓಟ ಜಾಸ್ತಿ ಆದಂಗೆಲ್ಲ ಟೈಮ್ ಇನ್ನೂ ಬೀಳೋದು, ಹಿಂಗೇ ನಾಲ್ಕು ತಿಂಗಳು. ಕಾಲೇಜಿನ ಹೆಲ್ತ್ ಕ್ಯಾಂಪಲ್ಲಿ ಹಿಮೋಗ್ಲೋಬಿನ್ 11.2 ಬಂದಾಗ "ನಮ್ ಕಡೆ ಹುಡುಗೀರಿಗೆ ಇಷ್ಟು ಇರುತ್ತೆ ಬಿಡಿ" ಅಂತ ಚೀಟಿ ಮಡಚಿ ಕೊಟ್ಟಿದಾರೆ. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ ಅಂತ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಇದೆ ಅಂದ ಮಾತ್ರಕ್ಕೆ ಅದು ಸರಿ ಅಂತಾಗಲ್ಲ, ಅದರಲ್ಲೂ ರಕ್ತದ ಮೇಲೇ ಬದುಕೋ ದೂರದ ಓಟಗಾರ್ತಿಗೆ.

ಹೈಸ್ಕೂಲ್ ಪಿಟಿ ಮೇಷ್ಟ್ರೇ ಅವಳನ್ನ ಜನವರೀಲಿ ನನ್ನ ಹತ್ರ ಕರ್ಕೊಂಡು ಬಂದ್ರು. "ಮೇಡಂ, ನಾನು ಗಂಡಸು, ನನ್ನ ಹತ್ರ ಏನೋ ಹೇಳೋಕಾಗದೆ ಒದ್ದಾಡ್ತಾಳೆ ಅನ್ಸುತ್ತೆ, ನೀವು ಒಂದ್ಸಲ ಮಾತಾಡಿ" ಅಂದ್ರು. ಆ ಮನುಷ್ಯನ ಮೇಲೆ ನನಗೆ ಇರೋ ಗೌರವ ಅವತ್ತು ಇನ್ನೂ ಜಾಸ್ತಿ ಆಯ್ತು. ನಾನು ಸ್ಟಾಪ್‌ವಾಚ್ ತೆಗೀಲೇ ಇಲ್ಲ, ಸ್ಟೇಡಿಯಂ ಮೆಟ್ಟಿಲ ಮೇಲೆ ಕೂರಿಸ್ಕೊಂಡು ಬೆಳಗ್ಗೆಯಿಂದ ಏನೇನು ತಿಂದೆ ಅಂತ ಕೇಳ್ದೆ. ಟೀ, ಬನ್ನು. ನಿನ್ನೆ ರಾತ್ರಿ? ಸಾರು. ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ? ಬತ್ತೈತೆ ಮಿಸ್. ಕೂದಲು ಉದುರುತ್ತಾ? ಹೂಂ ಅಂದ್ಳು. ಕೊನೇದಾಗಿ ಮುಟ್ಟಿನ ಬಗ್ಗೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ನಿದ್ದು, "ಆಗಸ್ಟಿಂದ ಆಗಿಲ್ಲ ಮಿಸ್, ಓಡೋರಿಗೆ ಹಂಗೇ ಅಂತ ಸೀನಿಯರ್ ಅಕ್ಕ ಹೇಳಿದ್ಲು, ಒಳ್ಳೇದೇ ಆತು ಅಂದ್ಕೊಂಡೆ" ಅಂದ್ಳು. ಐದು ತಿಂಗಳು. ಬಲಗಾಲಿನ ಮೊಣಕಾಲಿನ ಕೆಳಗೆ, ಒಳಭಾಗದ ಮೂಳೆ ಮೇಲೆ ಬೆರಳಿಟ್ಟು ಒತ್ತಿದ್ರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಮಾತ್ರ ಕಿರುಚೋವಷ್ಟು ನೋವು. ಮಾಂಸಖಂಡದ ನೋವಾಗಿದ್ರೆ ಉದ್ದಕ್ಕೂ ಇರುತ್ತೆ. ಹಿಂಗೆ ಒಂದೇ ಚುಕ್ಕೇಲಿ ಇದ್ರೆ ಮೂಳೆ ಬಗ್ಗೆ ಅನುಮಾನ ಪಡ್ಬೇಕು.

ಸರ್ಕಾರಿ ಆಸ್ಪತ್ರೇಲಿ ಲೇಡಿ ಡಾಕ್ಟರ್ ಒಬ್ರು ತುಂಬ ಸಮಾಧಾನವಾಗಿ ನೋಡಿದ್ರು. ಹಿಮೋಗ್ಲೋಬಿನ್ 10.1ಕ್ಕೆ ಇಳಿದಿತ್ತು. ಫೆರಿಟಿನ್ ಅಂತ ಇನ್ನೊಂದು ಟೆಸ್ಟ್ ಬರೆದ್ರು, ಹೊರಗಡೆ ಲ್ಯಾಬಲ್ಲಿ ಮಾಡಿಸ್ದಾಗ ಬಂದಿದ್ದು 6. ಹದಿನೈದಕ್ಕಿಂತ ಕಮ್ಮಿ ಇದ್ರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಖಾಲಿ ಅಂತ ಅರ್ಥ. ಹಿಮೋಗ್ಲೋಬಿನ್ ಅನ್ನೋದು ಕೈಯಲ್ಲಿರೋ ಕಾಸು, ಫೆರಿಟಿನ್ ಅನ್ನೋದು ಮನೆ ಕಣಜ. ಕಣಜ ಬರಿದಾದ ಎಷ್ಟೋ ದಿನದ ಮೇಲೆ ಕೈ ಬರಿದಾಗೋದು. ಅದಕ್ಕೇ ಬರೀ ಹಿಮೋಗ್ಲೋಬಿನ್ ನೋಡಿ ಪರವಾಗಿಲ್ಲ ಅಂತ ಕಳ್ಸಿದ್ರೆ ಓಟಗಾರ್ತಿ ವಿಷಯದಲ್ಲಿ ಮೋಸ ಹೋಗ್ತೀವಿ. ತೂಕ ಮೂವತ್ತೊಂಬತ್ತೂವರೆ ಕೆಜಿ. ಕಾಲಿನ ಎಕ್ಸ್-ರೇ ಕ್ಲೀನಾಗೇ ಇತ್ತು, ಆದ್ರೆ ಮೂಳೆಯ ಈ ಥರದ ಸಣ್ಣ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇನಲ್ಲಿ ಕಾಣ್ಸೋದೇ ಕಮ್ಮಿ, ಎಂಆರ್‌ಐ ಮಾಡಿಸ್ಬೇಕು ಅಂದ್ರೆ ಸಾವಿರಾರು ರೂಪಾಯಿ ಖರ್ಚು. ಡಾಕ್ಟರ್ ಹೇಳಿದ್ದು, ಬಿರುಕು ಇದೆ ಅಂತಾನೇ ತಿಳ್ಕೊಂಡು ಆರು ವಾರ ಓಡೋದು ಪೂರ್ತಿ ಬಂದ್ ಮಾಡಿ, ಆ ದುಡ್ಡು ಊಟಕ್ಕೆ ಹಾಕಿ ಅಂತ.

ಒಳಗೆ ಏನಾಗಿತ್ತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ತಿನ್ನೋದರಲ್ಲಿ ಓಟಕ್ಕೆ ಖರ್ಚಾಗಿ ಉಳಿದಿದ್ರಲ್ಲಿ ದೇಹ ತನ್ನ ಬಾಕಿ ಕೆಲಸ ಎಲ್ಲ ನಡೆಸ್ಬೇಕು. ಉಳಿಯೋದೇ ಇಲ್ಲ ಅಂದಾಗ ದೇಹ ಯಾವುದು ಇಲ್ದಿದ್ರೂ ಈಗಿಂದೀಗ ಜೀವ ಉಳಿಯುತ್ತೋ ಅದನ್ನ ಮೊದಲು ನಿಲ್ಲಿಸುತ್ತೆ, ಹಂಗಾಗಿ ಮುಟ್ಟು ನಿಲ್ಲುತ್ತೆ. ಮುಟ್ಟು ನಿಂತಿದೆ ಅಂದ್ರೆ ಈಸ್ಟ್ರೋಜನ್ ಅನ್ನೋ ಹಾರ್ಮೋನ್ ಕಮ್ಮಿ ಆಗಿದೆ, ಅದು ಕಮ್ಮಿ ಆದ್ರೆ ಮೂಳೆ ಗಟ್ಟಿ ಆಗಲ್ಲ, ಅದೂ ಮೂಳೆ ತುಂಬ್ಕೊಳ್ಳೋ ಹದಿನಾರನೇ ವಯಸ್ಸಲ್ಲಿ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ (ಕ್ರೀಡೆಯಲ್ಲಿ ಮೈಗೆ ಆಗೋ ಶಕ್ತಿಯ ಕೊರತೆ) ಅಂತ ಹೆಸರಿಟ್ಟು ಮಾರ್ಗಸೂಚಿ ತಂತು, 2023ರಲ್ಲಿ ಅದನ್ನ ಮತ್ತೆ ಪರಿಷ್ಕರಿಸಿದೆ. ಇನ್ನು ಕಬ್ಬಿಣದ ವಿಷಯ. ದೂರ ಓಡೋರಿಗೆ ಅಂಗಾಲು ನೆಲಕ್ಕೆ ಬಡೀತಾ ಬಡೀತಾ ಕೆಂಪು ರಕ್ತಕಣ ಒಡೆಯುತ್ತೆ, ಬೆವರಲ್ಲಿ ಸ್ವಲ್ಪ ಹೋಗುತ್ತೆ, ಜೋರಾಗಿ ಓಡಿದ ಮೂರರಿಂದ ಆರು ಗಂಟೆ ಹೊತ್ತಿಗೆ ಹೆಪ್ಸಿಡಿನ್ ಅನ್ನೋ ಹಾರ್ಮೋನ್ ಏರಿ ಕರುಳು ಕಬ್ಬಿಣ ಹೀರೋದನ್ನ ತಡೆಯುತ್ತೆ. ಎರಡು ಹೊತ್ತು ಓಡಿದ್ರೆ ಎರಡು ಸಲ ಬಾಗಿಲು ಮುಚ್ಚಿದಂಗೆ. ಅದರ ಮೇಲೆ ಊಟ ತಿಂಡಿ ಜೊತೇಲೇ ಟೀ ಕುಡಿದ್ರೆ ಬರೋ ಚೂರೂ ಇನ್ನೂ ಕಮ್ಮಿ ಆಗುತ್ತೆ.

ಇದೆಲ್ಲ ಇಷ್ಟು ತಡವಾಗಿ ಗೊತ್ತಾಗಿದ್ದಕ್ಕೂ ಕಾರಣ ಇದೆ. ಹೆಂಗಸರನ್ನ ದೂರ ಓಡೋಕೇ ಬಿಟ್ಟಿರ್ಲಿಲ್ಲ. 1928ರ ಆಮ್ಸ್ಟರ್‌ಡ್ಯಾಂ ಒಲಿಂಪಿಕ್ಸಲ್ಲಿ 800 ಮೀಟರ್ ಓಡಿಸಿ, ಹೆಂಗಸರಿಗೆ ಇದು ತಡೆಯಲ್ಲ ಅಂತ ತೆಗೆದುಹಾಕಿ ಮತ್ತೆ ತಂದಿದ್ದು 1960ರಲ್ಲಿ. ಮ್ಯಾರಥಾನ್ ಬಂದಿದ್ದು 1984, 10,000 ಮೀಟರ್ 1988, 5000 ಮೀಟರ್ 1996, ಸ್ಟೀಪಲ್‌ಚೇಸ್ (ಅಡ್ಡಗಟ್ಟೆ, ನೀರಗುಂಡಿ ಹಾರ್ಕೊಂಡು ಓಡೋ 3000 ಮೀಟರ್) 2008. ಅಲ್ಲಿವರೆಗೂ ಗಂಡಸರ ದೇಹದ ಲೆಕ್ಕದಲ್ಲೇ ಕೋಚಿಂಗ್ ನಡೀತಿತ್ತು, ನಮ್ಮ ಮೈದಾನಗಳಲ್ಲಿ ಈಗ್ಲೂ ಸುಮಾರು ಕಡೆ ಹಂಗೇ ನಡೀತಿದೆ. ಬಡತನಕ್ಕೆ ಮಾತ್ರ ಹೀಗಾಗುತ್ತೆ ಅಂತಾನೂ ಅಂದ್ಕೋಬೇಡಿ. ಅಮೆರಿಕದ ಮೇರಿ ಕೇನ್ 2013ರಲ್ಲಿ ಹದಿನೇಳನೇ ವಯಸ್ಸಿಗೆ ಮಾಸ್ಕೋ ವಿಶ್ವ ಚಾಂಪಿಯನ್‌ಶಿಪ್‌ನ 1500 ಮೀಟರ್ ಫೈನಲ್ ಓಡಿದ್ದೋಳು. ಆಮೇಲೆ 2019ರಲ್ಲಿ ಅವಳೇ ಹೇಳ್ಕೊಂಡ್ಳು, ತೂಕ ಇಳಿಸು ಇಳಿಸು ಅನ್ನೋ ಒತ್ತಡದಲ್ಲಿ ಮೂರು ವರ್ಷ ಮುಟ್ಟು ನಿಂತಿತ್ತು, ಐದು ಮೂಳೆ ಮುರೀತು ಅಂತ. ಅವಳಿಗೆ ದುಡ್ಡಿತ್ತು, ಶೂ ಇತ್ತು, ಕೋಚ್ ಇದ್ರು.

ಮನೆಗೆ ಹೋಗಿ ಮಾತಾಡ್ದೆ. ಅವತ್ತು ಅವ್ವ ಒಲೆ ಮುಂದೆ ಮುದ್ದೆ ತೊಳಸ್ತಾ ಇದ್ರು. ಅಪ್ಪಂಗೆ ಎರಡು, ತಮ್ಮಂಗೆ ಒಂದೂವರೆ, ಆಮೇಲೆ ಅರ್ಧ ಮುದ್ದೆ ತಟ್ಟೆಗೆ ಹಾಕಿ ಮಗಳ ಕಡೆ ತಳ್ಳಿದ್ರು. ಗೂಡಲ್ಲಿ ನಾಟಿ ಕೋಳಿ ಇದ್ವು, ಮೊಟ್ಟೆ ಎಲ್ಲ ಅಂಗಡಿಗೆ ಹೋಗ್ತಿತ್ತು, ಮನೇಲಿ ತಿನ್ನೋದು ಹಬ್ಬಕ್ಕೋ ಹುಷಾರಿಲ್ಲದಾಗ್ಲೋ. ರಿಪೋರ್ಟ್ ವಿವರ ಹೇಳ್ತಾ ಹೇಳ್ತಾ ಆ ತಾಯಿ ಕೈ ಸೆರಗಿಗೆ ಒರೆಸ್ಕೊಂಡು, "ಓಡೋ ಮಕ್ಳು ತೆಳ್ಳಗಿರ್ಬೇಕಂತೆ ಮೇಡಮ್ನೋರೆ, ಅವ್ಳೇ ಹೇಳಿದ್ಲು, ಅದ್ಕೆ ನಾನೂ ಜಾಸ್ತಿ ಇಕ್ತಿರ್ಲಿಲ್ಲ" ಅಂದ್ರು. ಪ್ರೀತಿಗೆ ಕಮ್ಮಿ ಇರ್ಲಿಲ್ಲ ಆ ಮನೇಲಿ. ಸರಿಯಾದ ಮಾತು ಹೇಳೋರು ಇರ್ಲಿಲ್ಲ. "ಯಕ್ಕ, ಇವ್ಳು ದಿನಾ ಹತ್ತು ಕಿಲೋಮೀಟರ್ ಓಡ್ತಾಳೆ, ಗದ್ದೆ ಉಳೋ ಗಂಡಾಳಿಗೆ ಇಕ್ಕೋವಷ್ಟು ಇಕ್ಕಿ" ಅಂದೆ. ಮುಂದಿನ ವಾರದಿಂದ ಮೊಟ್ಟೆ ಅಂಗಡಿಗೆ ಹೋಗೋದು ನಿಂತ್ತು. ಅಪ್ಪ ಒಂದು ಮಾತೂ ಎದುರು ಹೇಳ್ಲಿಲ್ಲ, ಲಾರಿಯಿಂದ ಬರೋವಾಗ ಖರ್ಜೂರ ತರೋಕೆ ಶುರು ಮಾಡಿದ್ರು.

ಊಟದಲ್ಲಿ ಹೊಸದೇನೂ ಸೇರಿಸ್ಲಿಲ್ಲ, ಪೌಡರ್ ಡಬ್ಬ ಅಂತೂ ಇಲ್ವೇ ಇಲ್ಲ. ಓಡೋಕೆ ಮುಂಚೆ ಬಾಳೆಹಣ್ಣು, ಓಡಿದ ಅರ್ಧ ಗಂಟೆ ಒಳಗೆ ಬೇಯಿಸಿದ ಎರಡು ಮೊಟ್ಟೆ ಮತ್ತೆ ಶೇಂಗಾ ಬೆಲ್ಲ, ಮಧ್ಯಾಹ್ನಕ್ಕೆ ಹಳಸದಂಗೆ ರೊಟ್ಟಿ ಚಟ್ನಿಪುಡಿ ಮೊಳಕೆಕಾಳು, ರಾತ್ರಿ ಎರಡು ಮುದ್ದೆ ಹುರುಳಿ ಸಾರು, ನುಗ್ಗೆ ಸೊಪ್ಪು ಸಿಕ್ಕಾಗೆಲ್ಲ, ಮೇಲೆ ನಿಂಬೆಹಣ್ಣು. ಟೀ ಬಿಡು ಅಂದ್ರೆ ಬಿಡಲ್ಲ, ಅದಕ್ಕೆ ಊಟಕ್ಕೂ ಟೀಗೂ ಒಂದೂವರೆ ಗಂಟೆ ಅಂತರ ಇಡು ಅಂತ ಒಪ್ಪಂದ.

ಮಾತ್ರೆ ವಿಷಯದಲ್ಲಿ ಒಂದು ಹೇಳ್ಲೇಬೇಕು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದಾಗ ಹುಡುಗಿ ಮುಖ ಸಣ್ಣದಾಯ್ತು. ಹೈಸ್ಕೂಲಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡ್ತಾರಲ್ಲ, ಅದನ್ನ ನಾಲಿಗೆ ಕೆಳಗೆ ಇಟ್ಕೊಂಡು ಹೊರಗೆ ಬಂದು ಕಾಂಪೌಂಡ್ ಆಚೆ ಉಗುಳ್ತಿದ್ರಂತೆ, ಇವಳೊಬ್ಳೇ ಅಲ್ಲ, ಅರ್ಧ ಕ್ಲಾಸು. ಹೊಟ್ಟೆ ತೊಳಸುತ್ತೆ, ಮಲ ಕಪ್ಪಾಗುತ್ತೆ, ಹೆದರ್ಕೊಂಡ್ಬಿಡ್ತಾರೆ. ಕಪ್ಪಾಗೋದು ಸಹಜ, ಅದರಿಂದ ತೊಂದ್ರೆ ಇಲ್ಲ ಅಂತ ಮಾತ್ರೆ ಕೊಡೋವಾಗ ಒಂದು ಮಾತು ಹೇಳಿದ್ರೆ ಸಾಕಿತ್ತು. ಈ ಡಾಕ್ಟರ್ ಅದನ್ನ ಹೇಳಿದ್ರು, ದಿನ ಬಿಟ್ಟು ದಿನ ತಗೋ ಅಂದ್ರು, ಹಂಗೆ ತಗೊಂಡ್ರೆ ಮೈ ಹೀರೋದೂ ಚೆನ್ನಾಗಿರುತ್ತೆ ಹೊಟ್ಟೆಗೂ ಕಷ್ಟ ಕಮ್ಮಿ. ಆದ್ರೆ ರಕ್ತ ಟೆಸ್ಟ್ ಇಲ್ದೆ ಮೆಡಿಕಲ್ ಶಾಪಿಂದ ತಂದು ನುಂಗೋ ಮಾತ್ರೆ ಅಲ್ಲ ಇದು, ಕಬ್ಬಿಣ ಜಾಸ್ತಿ ಆದ್ರೂ ತೊಂದ್ರೆನೇ.

ಆರು ವಾರ ಓಡ್ಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಕಷ್ಟ ಆಗಿದ್ದು, ಬೆಳಗ್ಗೆ ಸ್ಟೇಡಿಯಂಗೆ ಬಂದು ಸುಮ್ನೆ ಕೂತು ಬೇರೆಯೋರ ಟೈಮ್ ಬರ್ಕೊಳ್ತಿದ್ಳು. ಆಮೇಲೆ ಚಂದ್ರವಳ್ಳಿ ಕಡೆ ಮಣ್ಣಿನ ದಾರೀಲಿ ನಡಿಗೆ, ನಡಿಗೆ ಮಧ್ಯೆ ಒಂದೊಂದು ನಿಮಿಷ ಜಾಗಿಂಗ್, ಜೂನ್‌ವರೆಗೆ ಟಾರ್ ಮುಟ್ಟಿಸ್ಲಿಲ್ಲ, ಏರು ಅಂತೂ ಇಲ್ಲ. ಎರಡು ತಿಂಗಳಿಗೆ ಹಿಮೋಗ್ಲೋಬಿನ್ 12.3 ಆಯ್ತು. ಫೆರಿಟಿನ್ ನಿಧಾನ, ನಾಲ್ಕು ತಿಂಗಳಿಗೆ 31. ತೂಕ ಮತ್ತೆ ನಲವತ್ನಾಲ್ಕಕ್ಕೆ ಬಂದ ಮೇಲೆ, ಐದನೇ ತಿಂಗಳಲ್ಲಿ ಮುಟ್ಟಾದ್ಳು, ಬೆಳಗ್ಗೆ ಬೆಳಗ್ಗೆ ಫೋನ್ ಮಾಡಿ ಹೇಳಿದ್ಳು. ಯಾವ ಮೆಡಲ್ ಸುದ್ದೀಗೂ ನಾನು ಅಷ್ಟು ಖುಷಿ ಪಟ್ಟಿದ್ದು ನೆನಪಿಲ್ಲ.

ದ್ವಿತೀಯ ಪಿಯು ಜಿಲ್ಲಾ ಕೂಟದಲ್ಲಿ 11:02, ಎರಡನೇ ಸ್ಥಾನ. ರಾಜ್ಯಮಟ್ಟದಲ್ಲಿ ಒಂಬತ್ತನೇದು. ಕೆಲವರು "ಇಷ್ಟಕ್ಕೇನಾ ಇಷ್ಟೆಲ್ಲ ಮಾಡಿದ್ದು" ಅಂದ್ರು. ಅವರಿಗೆ ನಾನು ಲಲಿತಾ ಬಾಬರ್ ವಿಷಯ ಹೇಳ್ತೀನಿ. ಸತಾರಾ ಜಿಲ್ಲೆ ಮಾಣ್ ತಾಲೂಕಿನ ಮೋಹಿ ಊರು, ನಮ್ಮ ಚಳ್ಳಕೆರೆ ಜಗಳೂರಿನ ಥರಾನೇ ಬರದ ನಾಡು, ಅವರೂ ಮೊದಲು ಆಡಿದ್ದು ಖೋ ಖೋ. ಮುಂಬೈ ಮ್ಯಾರಥಾನ್‌ನಲ್ಲಿ ಭಾರತದ ಹೆಂಗಸರ ವಿಭಾಗ ಸತತ ಮೂರು ವರ್ಷ ಗೆದ್ದು, ಆಮೇಲೆ ಸ್ಟೀಪಲ್‌ಚೇಸಿಗೆ ಬಂದು, 2016ರ ರಿಯೋದಲ್ಲಿ 9:19.76 ಓಡಿ ಫೈನಲ್ ತಲುಪಿದ್ರು. 1984ರಲ್ಲಿ ಪಿ.ಟಿ. ಉಷಾ ಆದ ಮೇಲೆ ಒಲಿಂಪಿಕ್ ಟ್ರ್ಯಾಕ್‌ನಲ್ಲಿ ವೈಯಕ್ತಿಕ ಓಟದ ಫೈನಲ್ ಓಡಿದ ಭಾರತದ ಹೆಣ್ಣುಮಗಳು ಅವರೇ. ಆಗ ಅವರ ವಯಸ್ಸು ಇಪ್ಪತ್ತೇಳು. ಅವರ 9:19.76ರ ರಾಷ್ಟ್ರೀಯ ದಾಖಲೆ ಮುರಿದ ಪಾರುಲ್ ಚೌಧರಿ 2023ರಲ್ಲಿ ಬುಡಾಪೆಸ್ಟ್‌ನಲ್ಲಿ 9:15.31 ಓಡಿದಾಗ ಇಪ್ಪತ್ತೆಂಟು, ಅದೇ ವರ್ಷ ಏಷ್ಯನ್ ಗೇಮ್ಸಲ್ಲಿ 5000 ಮೀಟರ್ ಚಿನ್ನ. ದೂರದ ಓಟದಲ್ಲಿ ಒಳ್ಳೇ ವರ್ಷಗಳು ಬರೋದೇ ಇಪ್ಪತ್ತೈದರ ಮೇಲೆ. ಹದಿನಾರಕ್ಕೆ ಮೂಳೆ, ರಕ್ತ ಎರಡನ್ನೂ ಖರ್ಚು ಮಾಡಿಬಿಟ್ರೆ ಇಪ್ಪತ್ತೈದಕ್ಕೆ ಓಡೋದು ಯಾವುದರ ಮೇಲೆ?

ಈಗ ಡಿಗ್ರಿ ಮೊದಲನೇ ವರ್ಷ, ಹಾಸ್ಟೆಲ್ ಸೀಟೂ ಸಿಕ್ಕಿದೆ. ಹೋದ ಮೇನಲ್ಲಿ 3000 ಮೀಟರ್ 10:41. ಹೈಸ್ಕೂಲ್ ಟೈಮ್‌ಗಿಂತ ಹದಿನೇಳು ಸೆಕೆಂಡ್ ಮುಂದೆ, ನಿಧಾನಕ್ಕೆ 5000ಕ್ಕೆ ಹೋಗ್ತಿದ್ದೀವಿ.

ಪಿಟಿ ಮೇಷ್ಟ್ರಿಗೆ ಒಂದು ತೊಂದರೆ ಇದ್ದೇ ಇತ್ತು, ಹುಡುಗೀರನ್ನ ಮುಟ್ಟಿನ ಬಗ್ಗೆ ಬಾಯಿಬಿಟ್ಟು ಕೇಳೋದು ಹೆಂಗೆ ಅಂತ. ಅದಕ್ಕೆ ಪ್ರಾಕ್ಟೀಸ್ ಡೈರಿಯಲ್ಲೇ ದಾರಿ ಮಾಡಿದ್ವಿ. ಎಷ್ಟು ಓಡಿದೆ, ಏನು ತಿಂದೆ, ಎಷ್ಟು ನಿದ್ದೆ ಅಂತ ಹುಡುಗೀರೇ ಬರೀತಾರಲ್ಲ, ಮುಟ್ಟಾದ ದಿನ ಪುಟದ ಮೂಲೇಲಿ ಒಂದು ಚುಕ್ಕೆ ಇಡ್ತಾರೆ. ಮೇಷ್ಟ್ರು ಏನೂ ಕೇಳೋ ಹಾಗಿಲ್ಲ, ಎರಡು ತಿಂಗಳು ಚುಕ್ಕೆ ಇಲ್ದಿದ್ರೆ ನನಗೋ ಶಾಲೆಯ ಇನ್ನೊಬ್ರು ಮಿಸ್‌ಗೋ ಡೈರಿ ಕೊಡ್ತಾರೆ, ನಾವು ಹುಡುಗಿ ಜೊತೆ ಮಾತಾಡಿ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀವಿ. ಅವರ ಶಾಲೇಲಿ ಈಗ ಇದೇ ನಡೀತಿದೆ, ನಮ್ಮ ಕಾಲೇಜಲ್ಲೂ. ಪಿಯುಗೆ ಬಂದ ಓಟಗಾರರಿಗೆ ಮಧ್ಯಾಹ್ನದ ಊಟದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಹಳೇ ವಿದ್ಯಾರ್ಥಿಗಳು ಸೇರಿ ಬೆಳಗ್ಗೆ ಪ್ರಾಕ್ಟೀಸಿಗೆ ಬರೋ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣಿನ ಖರ್ಚು ನೋಡ್ಕೋತಿದಾರೆ, ಅದು ಅವರ ಒಳ್ಳೇತನ. ಆದ್ರೆ ಹತ್ತನೇ ಕ್ಲಾಸಿಗೇ ಬಿಸಿಯೂಟ ನಿಲ್ಲೋದು ಸರ್ಕಾರದ ಮಟ್ಟದಲ್ಲೇ ಬದಲಾಗ್ಬೇಕು, ಕ್ರೀಡಾಪಟುಗಳಿಗಾದ್ರೂ ಆಗ್ಬೇಕು ಅಂತ ನಾನು ಸಿಕ್ಕ ಕಡೆಯೆಲ್ಲ ಕೇಳ್ತಾನೇ ಇದೀನಿ.

ಮೂಳೆ ಸಾಂದ್ರತೆ ನೋಡೋ ಡೆಕ್ಸಾ ಸ್ಕ್ಯಾನ್ ಒಂದು ಬಾಕಿ ಇದೆ. ಮುಟ್ಟು ನಿಂತಿದ್ದ ಆ ತಿಂಗಳುಗಳಲ್ಲಿ ಮೂಳೆಗೆ ಎಷ್ಟು ನಷ್ಟ ಆಗಿದೆ, ಎಷ್ಟು ತುಂಬ್ಕೊಂಡಿದೆ ಅನ್ನೋದು ಅದರಲ್ಲೇ ಗೊತ್ತಾಗ್ಬೇಕು, 5000ಕ್ಕೆ ವಾರದ ಕಿಲೋಮೀಟರ್ ಎಷ್ಟರವರೆಗೆ ಏರಿಸ್ಬಹುದು ಅನ್ನೋದೂ ಅದರ ಮೇಲೇ ನಿಂತಿದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಅವ್ವ, ಮಗಳು, ನಾನು ಮೂರೂ ಜನ ಬೆಂಗಳೂರಿಗೆ ಹೋಗೋದು ಅಂತ ಮಾತಾಗಿದೆ.